ಮೂರು-ನಾಲ್ಕರ ನಡುವಿನ ಸದ್ದು

ನಮ್ಮ ಭಾವ ಲಿಫ್ಟ್ ಮೆಕ್ಯಾನಿಕ್. ಅವರದೊಂದು ನಿಯಮವಿತ್ತು. ರಿಪೇರಿ ಮುಗಿಸಿ, ಲಿಫ್ಟಿನೊಳಗೆ ತೂಗುಹಾಕಿರುವ ಕಾರ್ಡಿಗೆ ಸಹಿ ಹಾಕುವ ಮುಂಚೆ, ಒಬ್ಬರೇ ಒಳಗೆ ನಿಂತು ಕಣ್ಣು ಮುಚ್ಚಿ ಮೇಲಿನ ಮಹಡಿಯವರೆಗೆ ಹೋಗಿಬರಬೇಕು. ಸವಾರಿ ಅಂತ ಇದಕ್ಕೆ ಹೆಸರು. ಎಲ್ಲಿ ನೋಯುತ್ತಿದೆ ಅಂತ ಲಿಫ್ಟೇ ಹೇಳುತ್ತದೆ, ನಾವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಅನ್ನುತ್ತಿದ್ದರು. ಅಕ್ಕನನ್ನು ಮದುವೆಯಾದ ವರ್ಷವೇ ನನ್ನನ್ನೂ ಕೆಲಸಕ್ಕೆ ಸೇರಿಸಿಕೊಂಡರು. ಹದಿನೆಂಟು ವರ್ಷ ನಾನು ಹೊರಗೆ ಸ್ಪ್ಯಾನರ್ ಹಿಡಿದು ಕಾದಿದ್ದೇನೆ. ಅವರು ಈಚೆ ಬಂದು ಎರಡನೇ ಮಹಡಿ ಬಾಗಿಲು, ಕೆಳಗಿನ ಬೋಲ್ಟು ಅಂದರೆ ಅದೇ ಆಗಿರುತ್ತಿತ್ತು.

ಇದನ್ನೆಲ್ಲ ಒಮ್ಮೆ ನಮ್ಮ ಸಂಘದ ಮಾಸಪತ್ರಿಕೆಗೆ ಬರೆದರು ನೋಡಿ, ಅಲ್ಲಿಂದ ಶುರುವಾಯಿತು. ಮೊದಲು ನಾಲ್ಕು ಜನ ಫೋನ್ ಮಾಡಿದರು. ಆಮೇಲೆ ಭಾಷಣಕ್ಕೆ ಕರೆದರು. ಭಾಷಣದ ವಿಡಿಯೋ ಊರೂರು ಸುತ್ತಿತು. ಲಿಫ್ಟಿನ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿಲ್ಲದ ಬ್ಯಾಂಕಿನವರು ಕೂಡ ‘ಕೇಳಿಸಿಕೊಳ್ಳುವ ಕಲೆ’ ಬಗ್ಗೆ ಮಾತಾಡಿ ಅಂತ ದುಂಬಾಲು ಬಿದ್ದರು. ಭಾವ ಒಂದು ನೀಲಿ ಕೋಟು ಹೊಲಿಸಿದರು. ಎರಡೇ ವರ್ಷದಲ್ಲಿ ಅವರ ಉಗುರಿನ ಸಂದಿಯ ಗ್ರೀಸು ಮಾಯವಾಯಿತು. ಮನೆಯಲ್ಲಿ ಹತ್ತು ಸಲ ಕರೆದರೂ ಓ ಅನ್ನದವರು ಲೋಕಕ್ಕೆಲ್ಲ ಕಿವಿ ಕೊಡುವುದು ಕಲಿಸುತ್ತಾರಂತೆ ಎಂದು ಅಕ್ಕ ನಗುತ್ತಿದ್ದಳು. ಈಚೆಗೆ ನಗುವುದನ್ನು ಬಿಟ್ಟಿದ್ದಳು.

ಹೋದ ತಿಂಗಳು ಐದು ಮಹಡಿಯ ಹಳೇ ಕಟ್ಟಡವೊಂದರ ಲಿಫ್ಟಿಗೆ ಹಗ್ಗ ಬದಲಿಸಿದೆವು. ಮೂರು-ನಾಲ್ಕರ ನಡುವೆ ಏನೋ ಸದ್ದು, ನನಗೆ ಹಿಡಿಯಲಾಗುತ್ತಿಲ್ಲ, ನೀವೊಮ್ಮೆ ಹೋಗಿಬನ್ನಿ ಎಂದೆ. ಭಾವನಿಗೆ ಭಾಷಣಕ್ಕೆ ರೈಲು ಹಿಡಿಯುವ ಅವಸರ. ಬಾಗಿಲಲ್ಲೇ ನಿಂತು ಸಹಿ ಗೀಚಿ, "ಸವಾರಿ ಆಗಿದೆ ಅಂತ ಬರ್ಕೋ" ಅಂದರು. ನಾನು ಬರೆದೆ. ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಎಂಟನೇ ದಿನ ಮೂರನೇ ಮಹಡಿಯ ಟೇಲರಮ್ಮ ಹೊಲಿದ ಬಟ್ಟೆಯ ಗಂಟು ಹಿಡಿದು ಮೇಲಕ್ಕೆ ಹೊರಟವರು ನಡುವೆಯೇ ಸಿಕ್ಕಿಹಾಕಿಕೊಂಡರು. ಒಂದೂವರೆ ಗಂಟೆ.

ಮರುದಿನವೇ ಭಾವನಿಗೆ ಸನ್ಮಾನ. ಇಡೀ ಉದ್ಯಮಕ್ಕೆ ದಾರಿ ತೋರಿಸಿದವರು ಅಂತ ಸಂಜೆ ನಾಲ್ಕಕ್ಕೆ ಫಲಕ ಕೊಡುವವರಿದ್ದರು. ಮಧ್ಯಾಹ್ನ ಕೋಟಿನಲ್ಲೇ ಕಟ್ಟಡಕ್ಕೆ ಬಂದರು. ನನ್ನನ್ನು ಬೈಯಲಿಲ್ಲ. ಒಬ್ಬರೇ ಒಳಗೆ ಹೋದರು. ಒಂದು ಸಲ ಹೋಗಿಬಂದರು, ಎರಡು ಸಲ. ಮೂರನೇ ಸಲ ಬಾಗಿಲು ತೆರೆದಾಗ ಕಾಲರ್ ಬೆವರಿಗೆ ಒದ್ದೆಯಾಗಿತ್ತು.

"ಕೇಳಿಸ್ತಿಲ್ಲ ಕಣೋ. ಕಣ್ಣು ಮುಚ್ಚಿದ ತಕ್ಷಣ ನನ್ನ ಭಾಷಣ ಶುರುವಾಗುತ್ತೆ."

ಅವರ ಮುಖ ನೋಡಲಾಗದೆ ನಾನು ಸ್ಪ್ಯಾನರ್ ಒರೆಸುತ್ತ ನಿಂತೆ. ಅಷ್ಟರಲ್ಲಿ ಟೇಲರಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಮೆಟ್ಟಿಲಿಳಿದು ಬಂದರು. ಅವರ ಹೊಲಿಗೆ ಮಿಶಿನ್ ಲಿಫ್ಟಿನ ಗೋಡೆಗೇ ಆನಿಕೊಂಡಿದೆಯಂತೆ. ಲಿಫ್ಟು ಮೇಲಕ್ಕೆ ಹೋಗುವಾಗ ಮಾತ್ರ, ಅವರ ಮಹಡಿ ಬಿಟ್ಟ ಕೂಡಲೇ ಒಂದು ಸದ್ದು.

"ಸೂಜಿ ಗುಂಡಿಗೆ ತಾಗಿದ ಹಾಗೆ, ಟಕ್ ಅಂತ. ತಿಂಗಳಾಯ್ತು, ನೀವು ಹಗ್ಗ ಬದಲಿಸೋಕೆ ಮುಂಚಿಂದ್ಲೂ ಇದೆ. ಯಾರಾದ್ರೂ ಬಂದು ವಿಚಾರಿಸಿದ್ರಾ?"

ಹೋಗಿ ನೋಡಿದೆವು. ಮೂರನೇ ಮಹಡಿಯ ಬಾಗಿಲ ಬೀಗ ಸಡಿಲವಾಗಿ ಒಳಕ್ಕೆ ಜರುಗಿ, ಹಾದುಹೋಗುವ ಲಿಫ್ಟಿಗೆ ತಾಗುತ್ತಿತ್ತು. ಜೋರಾಗಿ ತಾಗಿದರೆ ಬಾಗಿಲು ತೆರೆದಿದೆ ಅಂದುಕೊಂಡು ಲಿಫ್ಟು ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಬಿಗಿಮಾಡಿ ಮುಗಿಸಿದೆವು. ಭಾವ ಗಡಿಯಾರ ನೋಡಿಕೊಂಡರು. ಕಾರ್ಡಿನಲ್ಲಿ ಇವತ್ತಿನ ಸಾಲು ಖಾಲಿ ಬಿಟ್ಟಿರು, ಸಂಜೆ ನಾನೇ ಬಂದು ಸವಾರಿ ಮಾಡುತ್ತೇನೆ ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಇವತ್ತು ಅಲ್ಲಿ ಇದನ್ನೇ ಹೇಳಿಬಿಡ್ತೀನಿ. ನಂಗೆ ಕೇಳಿಸಲಿಲ್ಲ ಅಂತ."

ಲಿಫ್ಟಿಗೆ ‘ಬಳಸಬೇಡಿ’ ಬೋರ್ಡು ಹಾಕಿ ಕೂತೆ. ಟೇಲರಮ್ಮ ಅದೇ ಗಂಟು ಹೊತ್ತು ಐದನೇ ಮಹಡಿಗೆ ಮೆಟ್ಟಿಲಲ್ಲೇ ಹತ್ತಿದರು. ಐದೂವರೆಗೆ ಅಕ್ಕನ ಫೋನು. ಹಿಂದೆ ಸಭಾಂಗಣದ ಗಲಾಟೆ. ನಿನ್ನ ಭಾವ ಭಾಷಣದಲ್ಲಿ ಹೇಳಿದರು, ಇವತ್ತು ಲಿಫ್ಟಿನೊಳಗೆ ಕಣ್ಣು ಮುಚ್ಚಿ ನಿಂತರಂತೆ, ಸೂಜಿ ಗುಂಡಿಗೆ ತಾಗಿದ ಹಾಗೆ ಟಕ್ ಅಂತ ಕೇಳಿಸಿತಂತೆ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು ಅಂದಳು. ಖುಷಿಯ ದನಿಯಲ್ಲ.

"ನಿಜ ಹೇಳು. ಅವರಿಗೆ ಕೇಳಿಸ್ತಾ?"

"ಇಲ್ಲ ಅಕ್ಕಾ. ಟೇಲರಮ್ಮ ಹೇಳಿದ್ದು ಅದು."

ಫೋನು ಭಾವನ ಕೈಗೆ ಹೋಯಿತು.

"ಹೇಳ್ಬೇಕು ಅಂತಲೇ ನಿಂತೆ ಕಣೋ," ಅಂದರು. "ಬಾಯಿಗೆ ಅದೇ ಬಂತು." ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು. "ಬರ್ತೀನಿ, ಇರು."

ಏಳು ಗಂಟೆಯವರೆಗೆ ಕಾದೆ. ಬರಲಿಲ್ಲ. ಕೊನೆಗೆ ಬೋರ್ಡು ತೆಗೆದು ನಾನೇ ಒಳಗೆ ನಿಂತು ಕಣ್ಣು ಮುಚ್ಚಿದೆ. ಮೂರು ದಾಟಿತು. ನಾಲ್ಕು. ಏನೂ ಕೇಳಿಸಲಿಲ್ಲ. ಸದ್ದು ಹೋಗಿದೆಯೋ, ನನಗೂ ಕೇಳಿಸದಂತಾಗಿದೆಯೋ ತಿಳಿಯಲಿಲ್ಲ. ಇನ್ನೊಮ್ಮೆ ಹೋಗಿಬಂದೆ. ಕಾರ್ಡಿನಲ್ಲಿ ಭಾವನ ಹಳೇ ಸಹಿ, ಅದರ ಪಕ್ಕದಲ್ಲಿ ನನ್ನದೇ ಅಕ್ಷರ: ಸವಾರಿ ಆಗಿದೆ.

ಕಾರ್ಡು ಹಿಡಿದುಕೊಂಡೇ ಹೋಗಿ ಟೇಲರಮ್ಮನ ಬಾಗಿಲು ತಟ್ಟಿದೆ. ಒಳಗೆ ಹೊಲಿಗೆ ನಡೆಯುತ್ತಿತ್ತು. ಲಿಫ್ಟ್ ಮತ್ತೊಮ್ಮೆ ಓಡಿಸುತ್ತೇನೆ, ಆ ಸದ್ದು ಇದೆಯಾ ಹೇಳುತ್ತೀರಾ ಎಂದೆ.

"ತಾಳಿ," ಅಂದರು ಅವರು. "ಮಿಶಿನ್ ನಿಲ್ಲಿಸ್ತೀನಿ."