ಉಳಿಸಿ ತಂದ ಪ್ಲೇಟು

ಅಲ್ಲಪ್ಪ ಅಂಗಳದಲ್ಲಿ ನಿಂತು ಫೋಟೋದ ಗಾಜಿನ ಪ್ಲೇಟು ಇಡುವ ಕಟ್ಟಿಗೆಯ ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದ್ದನಷ್ಟೇ, ಶಿವಗಂಗವ್ವ ಗಂಡನ ಹೆಣದ ಮುಂದಿನಿಂದ ಎದ್ದು ಬಂದು ಅವನ ಕೈ ಹಿಡಿದಳು.

"ಬಿಸಿಲಾಗ ತಗೀಬ್ಯಾಡಪಾ. ಒಳಗಿಂದು ಕೆಟ್ಟು ಹೋಗತೈತಿ."

"ಪ್ಲೇಟು ಐತೋ ಇಲ್ಲೋ ಅಂತ ನೋಡಾಕತ್ತಿದ್ನಿ, ವೈನಿ," ಎಂದ ಮೈದುನ.

"ಐತಿ. ಇದೊಂದ ಉಳದೈತಿ. ಮ್ಯಾಲ ವಿಭೂತಿ ಇಲ್ಲ, ನೋಡು."

ಫೋಟೋ ತೆಗೆದಾದ ಡಬ್ಬಿಗೆ ವಿಭೂತಿಯ ಗೆರೆ ಎಳೆಯುವುದು ಅವಳ ಗಂಡ ಗುರುಲಿಂಗಪ್ಪನ ರೂಢಿ. ನಿನ್ನೆ ಸಂಜೆ ಹುಕ್ಕೇರಿಯಿಂದ ಬಂದ ಮೋಟಾರಿನಿಂದ ಜ್ವರದಲ್ಲಿ ನಡುಗುತ್ತ ಇಳಿದಾಗ ಅವನ ಚೀಲದಲ್ಲಿ ಆರು ಡಬ್ಬಿಗಳಿದ್ದವು, ಐದಕ್ಕೆ ವಿಭೂತಿ. ಯುದ್ಧ ಶುರುವಾದಂದಿನಿಂದ ಪ್ಲೇಟು ಸಿಗುವುದೇ ಕಷ್ಟ. ಆದರೂ ಆರನೆಯದನ್ನು ಹೆಂಡತಿಯ ಕೈಗಿಟ್ಟು, "ಇದನ್ನ ಯಾರಿಗೂ ಕೊಡಲಿಲ್ಲ. ನಾಳಿ ಮುಂಜಾನೆ ನಾವಿಬ್ಬರೂ ಕುಂಡ್ರೂಣು," ಅಂದಿದ್ದ. ಕೋಳಿ ಕೂಗುವ ಹೊತ್ತಿಗೆ ಜೀವ ಹೋಗಿತ್ತು.

ಈಗ ಗೋಕಾಕದ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಅವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚಂಡು ಹೂವಿನ ಮಾಲೆ, ಹೆಗಲ ಮೇಲೆ ಊರೂರು ತಿರುಗಿದ ಅದೇ ಕೆಂಪಂಚಿನ ಶಾಲು. ಸತ್ತವರನ್ನು ಹೀಗೆ ಕೂರಿಸಿ, ಕಡೆಯದೊಂದು ಫೋಟೋ ತೆಗೆಸಿ, ಆಮೇಲೆ ಕುಣಿಗೆ ಒಯ್ಯುವುದು ಸುತ್ತಿನ ಉಳ್ಳವರ ಮನೆಗಳಲ್ಲಿ ಬೆಳೆದುಬಂದ ಪದ್ಧತಿ. ಇಪ್ಪತ್ತು ವರ್ಷ ಆ ಫೋಟೋಗಳನ್ನೆಲ್ಲ ತೆಗೆದವನು ಇವನೇ. ಇವನದನ್ನು ತೆಗೆಯುವವರು ಯಾರು? ಬೆಳಗಾವಿಯಿಂದ ಒಬ್ಬನನ್ನು ಕರೆಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

"ಫೋಟೋ ಇಲ್ದನ ಒಯ್ಯೂಣು ವೈನಿ. ಅಯ್ನಾರು ಬಂದು ಕುಂತಾರ. ಕುಣಿನೂ ತಯಾರೈತಿ."

"ತುಸು ತಡಿ. ನಾ ಅವರ ಬಾಜೂ ಕುಂಡ್ರಬೇಕು."

*

ಗುರುಲಿಂಗಪ್ಪನ ಕಾಲಲ್ಲಿ ಚಕ್ರ ಇತ್ತು. ಇವತ್ತು ಮೂಡಲಗಿಯಲ್ಲಿ ಮದುವೆ, ನಾಳೆ ದಡ್ಡಿಯಲ್ಲಿ ಕುಸ್ತಿ ಗೆದ್ದ ಪೈಲ್ವಾನ, ನಾಡಿದ್ದು ಕುಲಗೋಡದಲ್ಲಿ ಯಾರದೋ ಹೆಣ. ಮೋಟಾರು ಸಿಕ್ಕರೆ ಮೋಟಾರು, ಇಲ್ಲವಾದರೆ ಚಕ್ಕಡಿ, ಅದೂ ಇಲ್ಲದಿದ್ದರೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹೆಗಲ ಮೇಲೆ ಹೊತ್ತು ನಡಿಗೆ. ಉಣ್ಣುವಾಗ ಕರೆ ಬಂದರೆ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ನಡೆಯುತ್ತಿದ್ದ ಪುಣ್ಯಾತ್ಮ.

ತಿರುಗಿ ಬಂದಾಗ ಅಡುಗೆಮನೆಯ ಕದ ಮುಚ್ಚಿ, ಕಿಂಡಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಗಂಡಹೆಂಡಿರು ಸೇರಿ ಪ್ಲೇಟು ತೊಳೆಯುತ್ತಿದ್ದರು. ಶಿವಗಂಗವ್ವ ಆ ಊರುಗಳಲ್ಲಿ ಒಂದನ್ನೂ ಕಂಡವಳಲ್ಲ, ಆದರೆ ಅಲ್ಲಿಯ ಮದುಮಕ್ಕಳ ಮುಖ, ಸತ್ತವರ ಮುಖ ಅವಳಿಗೆ ಗೊತ್ತಿದ್ದವು. ಪರರ ಹೆಂಡಂದಿರು ಗಂಡಂದಿರ ಪಕ್ಕ ಕೂತದ್ದನ್ನು ನೀರಲ್ಲಿ ಅದ್ದುವಾಗ ಆ ಪ್ಲೇಟನ್ನು ಅವಳು ತುಸು ಹೆಚ್ಚೇ ಹೊತ್ತು ನೋಡುತ್ತಿದ್ದಳು. ತನಗೂ ಅಂಥದೊಂದು ಬೇಕು ಎಂದು ಅವಳು ಬಾಯಿ ಬಿಟ್ಟೇ ಕೇಳಿದ್ದಳು.

ಒಂದು ಯುಗಾದಿಗೆ ಕೂತರು ಕೂಡ. ಅಂಗಳದಲ್ಲಿ ಎರಡು ಕುರ್ಚಿ, ಅವಳ ಮೈಮೇಲೆ ಮದುವೆಯ ಇಳಕಲ್ಲ ಸೀರೆ. ಕ್ಯಾಮೆರಾದ ಕಣ್ಣಿನ ಟೊಪ್ಪಿಗೆ ತೆಗೆದು ಹಾಕುವುದನ್ನು ನೆರೆಮನೆಯ ಕಾಶೆವ್ವನಿಗೆ ಕಲಿಸಿ, ಗುರುಲಿಂಗಪ್ಪ ಬಂದು ಶಾಲು ಸರಿಮಾಡಿಕೊಂಡು ಪಕ್ಕದಲ್ಲಿ ಕೂತ. ಅಷ್ಟರಲ್ಲಿ ರಸ್ತೆ ಕಡೆಯ ಹಿತ್ತಲ ಬಾಗಿಲಲ್ಲಿ ಸೈಕಲ್ ಗಂಟೆ.

"ಫೋಟೋದವರದಾರೇನ್ರಿ? ನಮ್ಮ ಗೌಡ್ರು ತೀರಿಕೊಂಡಾರ್ರಿ. ಲಗೂನ ಬರಬೇಕಂತ."

ಶಿವಗಂಗವ್ವ ಅವನ ಶಾಲಿನ ಅಂಚು ಹಿಡಿದಳು. "ಒಂದು ಗಳಿಗಿ ಕುಂಡರ್ರಿ."

"ಜೀವ ಇದ್ದಾವರು ನಾಳಿನೂ ಇರತಾರ, ಶಿವಗಂಗಾ. ಸತ್ತಾವರು ಹೊತ್ತು ಮುಳುಗೂತನಾ ಅಷ್ಟ."

ಅವನು ಎದ್ದ. ಶಾಲು ಅವಳ ಕೈಯಿಂದ ಜಾರಿತು. ಮುಂದೆ ದಸರೆಗೂ ಹಾಗೇ ಆಯಿತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆಸೆ ಮಾತ್ರ ಬಿಟ್ಟು ಹೋಗಲಿಲ್ಲ.

*

"ಯಕ್ಕಾ, ನನ್ನ ಕೈಲೆ ಇದು ಆಗೂದಿಲ್ಲ," ಎಂದಳು ಕಾಶೆವ್ವ.

"ರೊಟ್ಟಿ ಬಡಿಯೂ ಕೈ ಅವು, ಆಗತೈತಿ. ಟೊಪಗಿ ತಗಿ, ಹತ್ತು ಸರತಿ ಶಿವಾ ಶಿವಾ ಅನ್ನು, ಮತ್ತ ಹಾಕು. ನಡಬರಕ ಏನ ಆಗಲಿ, ನಿಲ್ಲಸಬ್ಯಾಡ."

ಶಿವಗಂಗವ್ವ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದಳು. ಗಾಜಿನ ಮೇಲೆ, ಕ್ಯಾಮೆರಾದಲ್ಲಿ ಎಲ್ಲರೂ ಕಾಣುವಂತೆ, ಗಂಡ ತಲೆಕೆಳಗಾಗಿ ಕೂತಿದ್ದ. ಅವನ ಪಕ್ಕ ಒಬ್ಬರು ಹಿಡಿಯುವಷ್ಟು ಜಾಗ ಬಿಟ್ಟು ಕ್ಯಾಮೆರಾ ಸರಿಪಡಿಸಿ, ಟೊಪ್ಪಿಗೆ ಹಾಕಿ, ಡಬ್ಬಿ ಕೂರಿಸಿ ಅದರ ಮುಚ್ಚಳ ಎಳೆದಳು.

ಅಲ್ಲಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಹೆಣದ ಬಾಜೂ ಕುಂತು ಫೋಟೋ ತಗಸಿದ್ಲು ಅಂತ ನಾಳಿ ಜನ ಆಡಿಕೊಂತಾರ, ವೈನಿ."

"ಜನ ನಾಳಿನೂ ಇರತಾರ, ಅಲ್ಲಪ್ಪ. ಇವರು ಹೊತ್ತು ಮುಳುಗೂತನಾ ಅಷ್ಟ."

ಅಲ್ಲಪ್ಪನಿಗೆ ಅಣ್ಣನ ದನಿ ಕೇಳಿದಂತಾಯಿತು. ತಲೆ ತಗ್ಗಿಸಿ, ಭಜನೆಯವರಿಗೆ ತಾಳ ನಿಲ್ಲಿಸಲು ಕೈಸನ್ನೆ ಮಾಡಿದ.

ಅವಳು ಚಾಪೆಯ ಮೇಲೆ ಗಂಡನ ಪಕ್ಕ ಕೂತು ಸೆರಗು ಹೊದ್ದಳು. ಕೈ ತಾನೇ ಹೋಗಿ ಶಾಲಿನ ಅಂಚು ಹಿಡಿಯಿತು. ಅತ್ತರೆ ಮೈ ಅಲುಗುತ್ತದೆ. ಅಲುಗಿದರೆ ಪ್ಲೇಟು ಕೆಡುತ್ತದೆ, ಮತ್ತೊಂದಿಲ್ಲ. ಕ್ಯಾಮೆರಾದ ಕಣ್ಣನ್ನೇ ನೋಡುತ್ತ ಕೂತಳು.

ಕಾಶೆವ್ವ ಟೊಪ್ಪಿಗೆ ತೆಗೆದಳು. "ಶಿವಾ ಶಿವಾ... ಶಿವಾ ಶಿವಾ..."

ಐದನೆಯ ಸಲಕ್ಕೆ ಹಿತ್ತಲ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು.

"ಗುರುಲಿಂಗಪ್ಪನವರದಾರೇನ್ರಿ? ಮೂಡಲಗಿಯಿಂದ ಬಂದೇನ್ರಿ. ನಮ್ಮ ದೊಡ್ಡವ್ವ ತೀರಿಕೊಂಡಾಳ್ರಿ. ಲಗೂನ ಬರಬೇಕಂತ."

ಪಡಸಾಲೆಯಲ್ಲಿದ್ದವರೆಲ್ಲ ಹಿತ್ತಲ ಕಡೆ ತಿರುಗಿದರು. ಶಿವಗಂಗವ್ವ ಮಾತ್ರ ರೆಪ್ಪೆ ಕೂಡ ಬಡಿಯಲಿಲ್ಲ.

"ಭಾಳ ದೂರದಿಂದ ಬಂದೇನ್ರಿ," ಎಂದಿತು ಹಿತ್ತಲ ದನಿ.

ಕಾಶೆವ್ವ ಕಣ್ಣೀರು ಒರೆಸಿಕೊಳ್ಳದೆ ಎಣಿಸುತ್ತಲೇ ಇದ್ದಳು. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಟೊಪ್ಪಿಗೆ ಕ್ಯಾಮೆರಾದ ಕಣ್ಣು ಮುಚ್ಚಿತು. ಗುರುಲಿಂಗಪ್ಪ ಎದ್ದಿರಲಿಲ್ಲ. ಶಾಲಿನ ಅಂಚು ಅವಳ ಮುಷ್ಟಿಯಲ್ಲೇ ಇತ್ತು.