ಹೂಂ ಅನ್ನುವ ಹುದ್ದೆ

ಡಾ. ಹೃಷಿಕೇಶ ಸರ್ ತರಗತಿಯಲ್ಲಿ ಹುಲಿ, ಕ್ಯಾಮೆರಾದ ಮುಂದೆ ಇಲಿ. ಇದು ಗೋದಾತೀರ ವಿದ್ಯಾಪೀಠದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದರ ಫಲ ಉಣ್ಣಬೇಕಾದವನು ಮಾತ್ರ ಗುರುಸಿದ್ದಪ್ಪ ಒಬ್ಬನೇ.

ಗುರುಸಿದ್ದಪ್ಪ ನಾಶಿಕ್‌ನ ಆ ವಿದ್ಯಾಪೀಠದ ಇ-ಲರ್ನಿಂಗ್ ವಿಭಾಗದಲ್ಲಿ ಗುತ್ತಿಗೆಯ ತಂತ್ರಜ್ಞ. ವಿಭಾಗ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಸ್ಟುಡಿಯೋ, ಒಂದು ಕ್ಯಾಮೆರಾ, ಎರಡು ಕಂಪ್ಯೂಟರು, ಮುಖ್ಯಸ್ಥೆ ಅಲಕಾ ಮೇಡಂ ಮತ್ತು ಅವರ ಸಹಿಗಾಗಿ ಕಾಯುವ ಕಾಗದಗಳು. ಸಿಲ್ಲೋಡ್, ಸಟಾಣಾದಂಥ ಊರುಗಳ ಶಾಲಾ ಮಾಸ್ತರರು ನೌಕರಿ ಮಾಡುತ್ತಲೇ ಡಿಪ್ಲೊಮಾ ಓದಲಿ ಎಂದು ೨೦೧೧ರಲ್ಲಿ ಆನ್‌ಲೈನ್ ಪಾಠ ಶುರುವಾಗಿತ್ತು. ‘ಶಿಕ್ಷಣ ಮನಶ್ಶಾಸ್ತ್ರ’ದ ನಲವತ್ತು ಪಾಠ, ಒಂದೊಂದೂ ಕನಿಷ್ಠ ಅರ್ಧ ಗಂಟೆ, ಮರುವರ್ಷದ ಮಾರ್ಚ್ ಮೂವತ್ತೊಂದರೊಳಗೆ ವೆಬ್‌ಸೈಟಿಗೆ ಏರಬೇಕು. ಏರಿದರೆ ಗುರುಸಿದ್ದಪ್ಪನ ಗುತ್ತಿಗೆ ಇನ್ನೊಂದು ವರ್ಷ. ಮೂವತ್ತೊಂಬತ್ತೇ ಏರಿದರೆ ಅವನು ಓಝರ್‌ನ ಮನೆಯಲ್ಲಿ ಕೂತು, ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಅಪ್ಪನಿಂದ “ನಿನ್ನ ವಯಸ್ಸಿನ್ಯಾಗ ನಾ ವಿಮಾನ ಹಾರಸ್ತಿದ್ದೆ” ಎಂಬ ಪುರಾಣ ಕೇಳಬೇಕು. ಅಪ್ಪ ವಿಮಾನ ಹಾರಿಸಿರಲಿಲ್ಲ, ರೆಕ್ಕೆಗೆ ರಿವೆಟ್ ಹೊಡೆದಿದ್ದ. ಆದರೆ ಕೆಲಸವಿಲ್ಲದ ಮಗ ಅದನ್ನು ತಿದ್ದಲು ಹೋಗಬಾರದು.

ಫೆಬ್ರವರಿ ಅರ್ಧ ಮುಗಿದರೂ ಆಗಿದ್ದ ಪಾಠಗಳು ಮೂರು. ಸರ್ ಕೋಟು ತೊಟ್ಟು ಬರುವರು, ಪೌಡರ್ ಹಚ್ಚಿಸಿಕೊಳ್ಳುವರು, ಕೆಂಪು ದೀಪ ಹತ್ತಿದ ಕೂಡಲೇ “ವಿದ್ಯಾರ್ಥಿ ಮಿತ್ರರೇ” ಎನ್ನುವರು. ಆಮೇಲೆ ಕ್ಯಾಮೆರಾದ ಗಾಜಿನೊಳಗೆ ಆ ಮಿತ್ರರನ್ನು ಹುಡುಕುವರು. ಅಲ್ಲಿ ಯಾರೂ ಇರುವುದಿಲ್ಲ. ಬಾಯಿ ಒಣಗುವುದು. “ಈ ಯಂತ್ರಕ್ಕೆ ತಿಳಿಯಿತೋ ಇಲ್ಲವೋ ಗೊತ್ತೇ ಆಗೋದಿಲ್ಲ ಗುರು,” ಎಂದು ಮರಾಠಿಯಲ್ಲಿ ಗೊಣಗಿ ಕೋಟು ಬಿಚ್ಚುವರು. ಇಪ್ಪತ್ತೆರಡು ವರ್ಷ ಕಲಿಸಿದ ಮನುಷ್ಯ. ಗುರುಸಿದ್ದಪ್ಪನಿಗೆ ಅವರ ಮೇಲೆ ಕನಿಕರವೂ ಇತ್ತು, ಸಿಟ್ಟೂ ಇತ್ತು; ಕ್ಯಾಲೆಂಡರ್ ನೋಡಿದಾಗ ಸಿಟ್ಟೇ ಜಾಸ್ತಿ.

ಆಗ ಪಕ್ಕದಲ್ಲಿ ಹೊಸ ಪರೀಕ್ಷಾ ಭವನ ಏಳುತ್ತಿತ್ತು. ಕೆಲಸಕ್ಕೆ ಸಿಂದಗಿ ಕಡೆಯಿಂದ ಬಂದ ಕುಟುಂಬಗಳು. ಗೌಂಡಿ ಮಹಾದೇವಪ್ಪನ ಹೆಂಡತಿ ಚನಬಸವ್ವ ಸ್ಟುಡಿಯೋದ ನಲ್ಲಿಯಿಂದ ಕುಡಿಯುವ ನೀರು ಒಯ್ಯುತ್ತಿದ್ದಳು. ಗುರುಸಿದ್ದಪ್ಪ ಕನ್ನಡದವನೆಂದು ತಿಳಿದ ದಿನದಿಂದ ಕೇಳಿ ಒಯ್ಯುವುದನ್ನೂ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಕೊಡ ತುಂಬುವ ತನಕ ಸ್ಟುಡಿಯೋದ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಳು. ಒಳಗೆ ಸರ್, “ಮಗು ಮೊದಲು ಕಲಿಯುವುದು ತಾಯಿಯ ಮುಖ ನೋಡಿ...” ಎಂದವರೇ ಎಂದಿನಂತೆ ಅಲ್ಲಿಗೇ ನಿಂತರು.

“ಹೂಂ,” ಎಂದಳು ಚನಬಸವ್ವ.

ಸರ್ ಕತ್ತು ಹೊರಳಿಸಿದರು. ಅವಳನ್ನು ಹೊರಗೆ ಕಳಿಸಲು ಗುರುಸಿದ್ದಪ್ಪ ಕೈಯೆತ್ತಿದ. ಅಷ್ಟರಲ್ಲಿ ಸರ್ ಮುಂದಿನ ಮಾತು ಆಡಿಬಿಟ್ಟಿದ್ದರು. ಅವಳು ಮತ್ತೆ ಹೂಂ ಅಂದಳು. ಅವರು ಮತ್ತೆ ಆಡಿದರು. ಮೂವತ್ತೈದು ನಿಮಿಷ ತಡೆಯಿಲ್ಲದೆ ನಡೆಯಿತು. ಅತ್ತ ಕೊಡ ತುಂಬಿ, ನೀರು ನೆಲದ ಮೇಲೆ ಹರಿದು, ಕ್ಯಾಮೆರಾದ ಕೇಬಲ್ಲಿನ ಹತ್ತಿರ ಬಂದಿತ್ತು. ಗುರುಸಿದ್ದಪ್ಪ ಕರ್ಚೀಫಿನಿಂದ ಅದಕ್ಕೆ ಒಡ್ಡು ಕಟ್ಟಿ ಉಸಿರು ಬಿಗಿಹಿಡಿದು ಕೂತಿದ್ದ.

“ನಡುವ ಯಾಕ್ರೀ ಹೂಂ ಅಂದ್ರಿ?” ಎಂದು ಆಮೇಲೆ ಕೇಳಿದ.

“ಕತಿ ಹೇಳೋರಿಗೆ ಹೂಂ ಅನ್ನಬೇಕಲ್ರಿ ಸಾಹೇಬ್ರ. ಇಲ್ಲಂದ್ರ ಕತಿ ದಾರಿ ತಪ್ಪಿ ಬ್ಯಾರೆಯವ್ರ ಮನಿಗೆ ಹೋಗ್ತೈತಿ ಅಂತಿದ್ಲು ನಮ್ಮಾಯಿ. ಪಾಪ, ಆ ಸರ್ ಒಬ್ರ ಹೇಳಕೋತ ನಿಂತಿದ್ರು.”

“ಮರಾಠಿ ತಿಳೀತೈತೇನ್ರಿ ನಿಮಗ?”

“ಹನ್ನೆರಡು ವರ್ಸ ಆತ್ರಿ, ಇವ್ರ ಇಟ್ಟಂಗಿ ಹೊರಾಕತ್ತಿ. ಬೈಗುಳದಿಂದ ಸುರು ಮಾಡಿ ಎಲ್ಲಾ ತಿಳೀತೈತ್ರಿ.”

ಮರುದಿನದಿಂದ ಕ್ಯಾಮೆರಾದ ಪಕ್ಕ ಅವಳಿಗೊಂದು ಕುರ್ಚಿ ಬಂತು. ಸೈಟಿನ ಕೂಲಿಯವರ ಮೇಸ್ತ್ರಿ ಮುಕಾದಮನ ಮೊಬೈಲ್ ರಿಪೇರಿ ಮಾಡಿಕೊಟ್ಟು ಗುರುಸಿದ್ದಪ್ಪ ದಿನಕ್ಕೊಂದು ತಾಸು ಅವಳನ್ನು ಎರವಲು ಪಡೆದ. ಅವಳ ಹೂಂ ಕಾಟಾಚಾರದ ಹೂಂ ಆಗಿರಲಿಲ್ಲ. ತಿಳಿದರೆ ಹೂಂ, ಮನಸ್ಸಿಗೆ ಹಿಡಿಸಿದರೆ ಉದ್ದನೆಯ ಹೂಂ, ತಿಳಿಯದಿದ್ದರೆ ಮೌನ. ಮೌನ ಬಂದಲ್ಲಿ ಸರ್ ಹಿಂದಕ್ಕೆ ಹೋಗಿ ಬೇರೆ ಉದಾಹರಣೆ ಹಿಡಿದು ಬರುವರು. ಹೀಗೆ ಪರದೇಶದ ಪಂಡಿತರೆಲ್ಲ ಒಬ್ಬೊಬ್ಬರಾಗಿ ಪಾಠದಿಂದ ಹೊರಬಿದ್ದು, ಆಡು, ಅಂಗಡಿ, ಅತ್ತೆ-ಸೊಸೆಯರು ಒಳಬಂದರು. ಸಿಲ್ಲೋಡಿನ ಮಾಸ್ತರೊಬ್ಬ ಸಹಾಯವಾಣಿಗೆ ಫೋನ್ ಮಾಡಿ, ದೂರು ಏನೂ ಹೇಳದೆ, ಪಾಠ ತಿಳಿಯಿತು ಎಂದಷ್ಟೇ ಹೇಳಿ ಇಟ್ಟ. ಇಂಥ ಕರೆಯನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲಕಾ ಮೇಡಂಗೆ ಮಾತ್ರ ಬೇರೆಯೇ ಕೇಳಿಸಿತು. “ಹಿಂದೆ ಏನೋ ಅನಧಿಕೃತ ಸದ್ದು ಬರ್ತಿದೆ. ತೆಗೆದುಹಾಕಿ.”

“ಸದ್ದಲ್ಲ ಮೇಡಂ, ಕೇಳುವವರು,” ಎಂದ ಗುರುಸಿದ್ದಪ್ಪ.

“ಅವರಿಗೆ ಪ್ರವೇಶ ಸಂಖ್ಯೆ ಇದೆಯಾ?”

ಇರಲಿಲ್ಲ. ಗುತ್ತಿಗೆಯವನ ಬೆನ್ನುಮೂಳೆಯೂ ಗುತ್ತಿಗೆಯದೇ. ಅಂದಿನಿಂದ ಅವನು ಪ್ರತಿ ಪಾಠದಲ್ಲೂ ಕೂತು ಒಂದೊಂದೇ ಹೂಂ ಕತ್ತರಿಸಿದ. ಪಾಠದ ಜೊತೆ ತುಂಬುವ ನಮೂನೆಯಲ್ಲಿ ‘ವಿಷಯ ತಜ್ಞರು’ ಎಂಬಲ್ಲಿ ಸರ್ ಹೆಸರು ಬರೆದ, ‘ಕಲಿಯುವವರು’ ಎಂಬಲ್ಲಿ ಅಡ್ಡಗೆರೆ ಎಳೆದ. ಒಂದು ದಿನ ಚನಬಸವ್ವ, “ಕಂಪ್ಯೂಟರಿನ್ಯಾಗ ನನ್ನ ಹೂಂ ಬರ್ತೈತಲ್ರಿ? ನಮ್ಮ ಮಂಜುಳಾಗ ಒಮ್ಮೆ ಕೇಳಸ್ರಿ,” ಎಂದಳು. ಮಂಜುಳಾ ಅವಳ ಹತ್ತು ವರ್ಷದ ಮಗಳು. “ಬರ್ತೈತ್ರಿ,” ಎಂದ ಗುರುಸಿದ್ದಪ್ಪ. ಹೊಟ್ಟೆಪಾಡಿಗಾಗಿ ಹೇಳಿದ ಸುಳ್ಳು ಅದು. ಆದರೂ ಆ ದಿನ ಅವನಿಗೆ ಊಟ ರುಚಿಸಲಿಲ್ಲ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಮೂವತ್ತೊಂಬತ್ತು ಪಾಠ ಮುಗಿದವು. ಅದೇ ದಿನ ಪರೀಕ್ಷಾ ಭವನದ ಕೊನೆಯ ಸ್ಲ್ಯಾಬೂ ಮುಗಿಯಿತು. ಮುಕಾದಮ ಎಲ್ಲರನ್ನೂ ಲಾರಿಗೆ ಹತ್ತಿಸಿ, ಈಗ ಛತ್ರಪತಿ ಸಂಭಾಜಿನಗರ ಅನ್ನುವ ಆಗಿನ ಔರಂಗಾಬಾದಿನ ಹೊಸ ಸೈಟಿಗೆ ಒಯ್ದುಬಿಟ್ಟ. ಮರುದಿನ ಸರ್ ಖಾಲಿ ಕುರ್ಚಿ ನೋಡಿ “ವಿದ್ಯಾರ್ಥಿ ಮಿತ್ರರೇ” ಎಂದು ನಿಂತರು. ಗುರುಸಿದ್ದಪ್ಪ ತಾನೇ ಕುರ್ಚಿಯಲ್ಲಿ ಕೂತು ಭಕ್ತಿಯಿಂದ ಹೂಂ ಎಂದ.

“ಬೇಡ ಗುರು,” ಎಂದರು ಸರ್. “ನಾನು ತಪ್ಪು ಹೇಳಿದರೂ ನೀನು ಹೂಂ ಅಂತೀಯ.”

ಮೂವತ್ತೊಂದರ ಮಧ್ಯಾಹ್ನ ಬೇರೆ ದಾರಿಯಿರಲಿಲ್ಲ. ಗುರುಸಿದ್ದಪ್ಪ ಮಹಾದೇವಪ್ಪನ ಮೊಬೈಲಿಗೆ ಫೋನ್ ಹಚ್ಚಿ, ಚನಬಸವ್ವನನ್ನು ಕರೆಸಿ, ತನ್ನ ಫೋನಿನ ಸ್ಪೀಕರ್ ಹಾಕಿ ಅದನ್ನು ಕುರ್ಚಿಯ ಮೇಲೆ ಕೂರಿಸಿದ. ಆ ಕಡೆಯಿಂದ ಕಾಂಕ್ರೀಟ್ ಮಿಕ್ಸರಿನ ಗರಗರದ ನಡುವೆ ಹೂಂ ಬಂತು. ಸರ್ ಮುಖ ಅರಳಿತು. ಆನ್‌ಲೈನ್ ಪಾಠ ಅಂತ ವಿದ್ಯಾಪೀಠ ವರ್ಷದಿಂದ ಡಂಗುರ ಸಾರುತ್ತಿತ್ತಲ್ಲ, ನಿಜವಾಗಿ ನಡೆದದ್ದು ಅದೇ ಮೊದಲು.

ಕೊನೆಯ ಪಾಠದ ಹೆಸರು ‘ಮನೆಯ ಪರಿಸರ ಮತ್ತು ಕಲಿಕೆ’. ಹತ್ತು ನಿಮಿಷ ಚೆನ್ನಾಗಿ ನಡೆಯಿತು. “ಮಗುವಿಗೆ ಓದಲು ಮನೆಯಲ್ಲಿ ಒಂದು ಶಾಂತವಾದ ಮೂಲೆ ಇರಬೇಕು,” ಎಂದರು ಸರ್. ಹೂಂ ಬರಲಿಲ್ಲ. ಲೈನ್ ಕಡಿದಿತ್ತೇ ಎಂದರೆ ಮಿಕ್ಸರ್ ಕೇಳಿಸುತ್ತಿತ್ತು. ಸರ್ ಬೇರೆ ಉದಾಹರಣೆ ಕೊಟ್ಟರು. ಮೌನ. “ಮೊದಲ ಐದು ವರ್ಷವಾದರೂ ಒಂದೇ ಶಾಲೆ ಇರಬೇಕು,” ಎಂದರು. ಅದಕ್ಕೂ ಮೌನ.

“ಏನು ತಿಳಿಯಲಿಲ್ಲ, ಕೇಳು,” ಎಂದರು ಸರ್. ಗುರುಸಿದ್ದಪ್ಪ ಕೇಳಿದ.

“ತಿಳೀತ್ರಿ,” ಎಂದಳು ಚನಬಸವ್ವ. “ತಿಳಿದ್ರೂ ಹೂಂ ಅನ್ನಾಕ ಬಾಯಿ ಬರವಲ್ದು. ನಮ್ಮ ಮಂಜುಳಾಗ ಇದು ಆರನೇ ಸಾಲಿ. ಮೂಲಿ ಅಂತೂ ಭಾಳ ಕಟ್ಟೇವಿ, ಎಲ್ಲಾ ಮಂದಿವು. ನಮ್ಮದು ತಗಡಿನ ಪತ್ರಾದ ಶೆಡ್ಡು. ಇಂಥಾ ಹುಡುಗುರು ಹೆಂಗ ಕಲೀಬೇಕಂತ ಆ ಪುಸ್ತಕದಾಗ ಐತೇನು, ಸರ್‌ಗ ಕೇಳ್ರಿ.”

ಗುರುಸಿದ್ದಪ್ಪ ಗಡಿಯಾರ ನೋಡುತ್ತ ಮರಾಠಿಗೆ ತಿರುಗಿಸಿದ. ಸರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಪುಸ್ತಕದಲ್ಲಿ ಇಲ್ಲ,” ಎಂದರು. ಹನ್ನೆರಡು ನಿಮಿಷವಾಗಿತ್ತು. ಸರ್ ಎದ್ದರು. ಕೋಟು ಬಿಚ್ಚಿದಂತೆಯೇ, ನನ್ನ ನೌಕರಿಯೂ ಬಿಚ್ಚಿದಂತೆಯೇ ಎಂದುಕೊಂಡ ಗುರುಸಿದ್ದಪ್ಪ. ಸರ್ ಬಂದು ಕುರ್ಚಿಯ ಮೇಲಿನ ಫೋನನ್ನು ಕೈಗೆತ್ತಿಕೊಂಡು ಅವಳ ಜಾಗದಲ್ಲಿ ಕೂತರು.

“ನೀವೇ ಹೇಳಿ ತಾಯಿ. ನಿಮ್ಮ ಮಗಳು ಹೇಗೆ ಕಲಿಯುತ್ತಾಳೆ?”

ಕ್ಯಾಮೆರಾವನ್ನು ಗುರುಸಿದ್ದಪ್ಪ ಅವರ ಕಡೆ ತಿರುಗಿಸಿದ. ಚನಬಸವ್ವ ಹೇಳಿದಳು. ಹೊಸ ಶಾಲೆಗೆ ಹೋದಾಗಲೆಲ್ಲ ಮೊದಲ ಪಾಠದಿಂದಲೇ ಶುರು. ಹೀಗಾಗಿ ಮಂಜುಳಾಗೆ ಮೊದಲ ಪಾಠ ಬಾಯಿಪಾಠ, ಹತ್ತನೆಯ ಪಾಠದ ಮುಖ ಕಂಡಿಲ್ಲ. ಮಗ್ಗಿ ಬಂದದ್ದು ಇಟ್ಟಿಗೆ ಸಾಲು ಎಣಿಸಿ. ಇಂಗ್ಲಿಷು ಬಂದದ್ದು ಸಿಮೆಂಟ್ ಚೀಲ ಓದಿ. ಹಸಿ ಪ್ಲಾಸ್ಟರಿನ ಮೇಲೆ ಮೊಳೆಯಿಂದ ಹೆಸರು ಬರೆದು ಮುಕಾದಮನ ಏಟು ತಿಂದಳು. ಆ ಹೆಸರು ಯಾರದೋ ಬಂಗಲೆಯ ಗೋಡೆಯೊಳಗೆ ಈಗಲೂ ಇರಬೇಕು. ಗುರುಸಿದ್ದಪ್ಪ ಒಂದೊಂದೇ ಮಾತನ್ನು ಮರಾಠಿ ಮಾಡುತ್ತ ಹೋದ. ಪ್ರತಿ ಮಾತಿಗೂ ಸರ್ ಹೂಂ ಎಂದರು. ತಿಳಿಯದ ಕಡೆ ಸುಮ್ಮನಾದರು. ಆಗ ಅವಳು ಹಿಂದಕ್ಕೆ ಹೋಗಿ ಬೇರೆ ಉದಾಹರಣೆ ಹಿಡಿದು ಬಂದಳು. ಒಟ್ಟು ಮೂವತ್ತನಾಲ್ಕು ನಿಮಿಷವಾಯಿತು.

ಈ ಸಲ ಗುರುಸಿದ್ದಪ್ಪ ಏನನ್ನೂ ಕತ್ತರಿಸಲಿಲ್ಲ. ಪಿಎಚ್‌ಡಿ ಆದವರ ಹೂಂ ಅನಧಿಕೃತ ಸದ್ದು ಆಗುವುದಿಲ್ಲವಲ್ಲ. ನಮೂನೆಯ ಮುಂದೆ ಮಾತ್ರ ಪೆನ್ನು ಹಿಡಿದು ತುಸು ಹೊತ್ತು ಕೂತ. ಆಮೇಲೆ ಬರೆದ: ವಿಷಯ ತಜ್ಞರು, ಚನಬಸವ್ವ ಮಹಾದೇವಪ್ಪ. ಕಲಿಯುವವರು, ಡಾ. ಹೃಷಿಕೇಶ.

“ನಲವತ್ತೂ ಆಯಿತಾ?” ಎಂದರು ಅಲಕಾ ಮೇಡಂ. ಆಯಿತು ಎಂದ. ಅವರು ಓದದೆ ಸಹಿ ಹಾಕಿದರು. ವಿದ್ಯಾಪೀಠ ನಡೆಯುವುದೇ ಈ ಪುಣ್ಯದ ಮೇಲೆ.

ಐದು ಗಂಟೆಗೆ ಗುರುಸಿದ್ದಪ್ಪ ಮತ್ತೆ ಮಹಾದೇವಪ್ಪನ ಮೊಬೈಲಿಗೆ ಫೋನ್ ಹಚ್ಚಿದ. “ಮಂಜುಳಾನ್ನ ಕರೀರಿ,” ಎಂದ. ತಾಯಿ ಮಗಳಿಬ್ಬರೂ ಬಂದ ಮೇಲೆ ಪಾಠ ಹಚ್ಚಿ ಕಂಪ್ಯೂಟರಿನ ಸ್ಪೀಕರಿಗೆ ಫೋನ್ ಹಿಡಿದ. ಚನಬಸವ್ವನ ದನಿ ಚನಬಸವ್ವನಿಗೇ ಹೋಗಿ ಮುಟ್ಟಿತು. ಆರನೇ ಸಾಲಿ ಎಂಬ ಮಾತು ಬಂದಾಗ ಆ ತುದಿಯಿಂದ ಹುಡುಗಿ ಬಾಯಿ ಹಾಕಿದಳು.

“ಆರಲ್ಲ ಅವ್ವಾ, ಸಾತ್. ಪೈಠಣದ ಸಾಲಿ ನೀ ಮರತಿ.”

ಗುರುಸಿದ್ದಪ್ಪ ಫೋನನ್ನು ಬಾಯಿಯ ಹತ್ತಿರ ತಂದ. ಪಾಠ ನಡೆದೇ ಇತ್ತು.

“ಹೂಂ,” ಎಂದ ಗುರುಸಿದ್ದಪ್ಪ.