ಒಳಗಿನ ತೇವ

ನಮ್ಮ ಮನೆಯ ಒಳಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಆ ಗೋಡೆಯ ಪಕ್ಕದಲ್ಲೇ ನಮ್ಮ ಅತ್ತೆಯ ಮಂಚ. ಎರಡು ವರ್ಷದಿಂದ ಹಾಸಿಗೆ ಹಿಡಿದವರು. ಬೂಷ್ಟು ಉಜ್ಜಿ ಉಜ್ಜಿ ನನ್ನ ಹೆಂಡತಿಯ ಕೈ ಸೋತಿತ್ತು. ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಹಾಜರ್.

ಮಾಲೀಕರು ಮಹಡಿಯ ಮೇಲಿರುವ ನಿವೃತ್ತ ಮೇಷ್ಟ್ರು. ಅವರ ವಾದ ಒಂದೇ: ಅತ್ತೆಯ ಬಟ್ಟೆ ಒಗೆದು ಕೋಣೆಯಲ್ಲೇ ಒಣಗಿಸುತ್ತೀರಿ, ಆ ತೇವವೇ ಗೋಡೆ ತಿನ್ನುತ್ತಿದೆ. ತಾವೇ ಬರೆದ ಕರಾರು ಪತ್ರ ತಂದು ಬೆರಳಿಟ್ಟು ತೋರಿಸಿದರು: 'ಒಳಗಿನಿಂದ ಬಂದ ತೇವಕ್ಕೆ ಬಾಡಿಗೆದಾರರೇ ಹೊಣೆ.' ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದರು. ನಾನು ವೆಲ್ಡಿಂಗ್ ಕೆಲಸದವನು, ಬಾಯಿಗೆ ಬೀಗವಿಲ್ಲ. ಏನೇನೋ ಅಂದೆ. ಅಂದದ್ದರಿಂದ ಏನೂ ಆಗಲಿಲ್ಲ. ಹುಡುಕಿದರೆ ಸಿಕ್ಕ ಮನೆಗಳೆಲ್ಲ ಎರಡನೆಯ, ಮೂರನೆಯ ಮಹಡಿ. ಅತ್ತೆಯನ್ನು ಹೊತ್ತು ಹತ್ತಿಸಬಹುದು. ಆಸ್ಪತ್ರೆಗೆಂದು ಪ್ರತಿ ಸಲ ಇಳಿಸುವವರು ಯಾರು?

ಕೊನೆಗೆ ಹೆಂಡತಿಯೇ ಒಬ್ಬ ಗಾರೆ ಕೆಲಸದವನನ್ನು ಕರೆತಂದಳು. ಅವನು ಗೋಡೆಯನ್ನು ಒಂದಿಷ್ಟು ಒರೆಸಿ, ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದ. ತೇವ ಕೋಣೆಯ ಗಾಳಿಯದಾದರೆ ಹಾಳೆಯ ಮೇಲೆ ಹನಿ ಕಟ್ಟುತ್ತದೆ, ಗೋಡೆಯದಾದರೆ ಹಾಳೆಯ ಹಿಂದೆ. ಎರಡು ದಿನ ಯಾರೂ ಮುಟ್ಟಬೇಡಿ ಎಂದು ನನ್ನ ಮುಖವನ್ನೇ ನೋಡಿ ಹೇಳಿದ.

ಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರೂ ಕೆಳಗಿಳಿದು ಬಂದರು. ಗಾರೆಯವನು ಹಾಳೆ ಕಿತ್ತು ತಿರುಗಿಸಿ ನೋಡಿ, "ಒಳಗಿಂದಾನೇ ಬಂದಿದೆ" ಅಂದ.

"ಕೇಳಿಸ್ತಲ್ಲ?" ಮೇಷ್ಟ್ರು ನನ್ನ ಕಡೆ ತಿರುಗಿದರು. "ನಾನು ಬರೆದಿದ್ದೂ ಅದನ್ನೇ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಸಿಟ್ಟು ನೆತ್ತಿಗೇರಿತು. ಹಾಳೆ ನೋಡುವ ತಾಳ್ಮೆ ನನಗೆಲ್ಲಿ? ಗಾರೆಯವನ ಕೊರಳಪಟ್ಟಿಗೇ ಕೈ ಹಾಕಿದೆ. ಅವನು ನೊಣ ಓಡಿಸುವಂತೆ ನನ್ನ ಕೈ ಸರಿಸಿದ.

"ಗೋಡೆ ಒಳಗಿಂದ, ಮೇಷ್ಟ್ರೇ. ಮನೆ ಒಳಗಿಂದ ಅಲ್ಲ. ಗೋಡೆ ಒಳಗೆ ಇವರೇನು ಸಂಸಾರ ಮಾಡ್ತಿದಾರಾ?"

ಮಲಗಿದ್ದಲ್ಲಿಂದಲೇ ಅತ್ತೆ ಕಿಸಕ್ಕನೆ ನಕ್ಕರು.

ಗೋಡೆ ಒಡೆಸಿದಾಗ ಕಂಡಿತು: ಮೇಷ್ಟ್ರ ಬಚ್ಚಲಿನಿಂದ ಇಳಿದ ಪೈಪು ಬೆಸುಗೆಯಲ್ಲಿ ಬಿರುಕು ಬಿಟ್ಟು ಹನಿಹನಿಯಾಗಿ ಒಸರುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿದರು.

"ಇದು ನನ್ನದು. ನೀವೆಲ್ಲೂ ಹೋಗಬೇಡಿ. ಪೈಪು, ಗೋಡೆ, ಬಣ್ಣ, ಎಲ್ಲಾ ನಾನೇ ಮಾಡಿಸ್ತೀನಿ."

ಜಗಳಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು. ಹೊಸ್ತಿಲ ಮೇಲೆ ಕೂತೆ. ಉಸಿರು ಹೊಟ್ಟೆಯ ತನಕ ಇಳಿದದ್ದು ಆ ತಿಂಗಳಲ್ಲಿ ಅದೇ ಮೊದಲು. ಹೆಂಡತಿ ಗಾರೆಯವನ ಹತ್ತಿರ ನನ್ನ ಪರವಾಗಿ ತಪ್ಪಾಯಿತೆಂದಳು, ನಾನೂ ಗೊಣಗಿದೆ.

ಗೋಡೆ ಒಣಗುವವರೆಗೆ ಮಂಚವನ್ನು ಮುಂದಿನ ಕೋಣೆಗೆ ಸಾಗಿಸಬೇಕಿತ್ತು. ತಲೆಯ ಕಡೆ ನಾನು ಹಿಡಿದೆ, ಕಾಲಿನ ಕಡೆ ಮೇಷ್ಟ್ರೇ ಹಿಡಿದರು. ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಅತ್ತೆಯ ಅಪ್ಪಣೆಯಾಯಿತು.

"ಇನ್ನೊಂಚೂರು ಕಿಟಕಿ ಕಡೆ, ಅಳಿಯಂದಿರೇ. ರಸ್ತೆ ಕಾಣಲಿ."

ಇಬ್ಬರೂ ಮತ್ತೆ ಬಗ್ಗಿದೆವು.